ಹಾಲಿನ ಚೀಟಿಯ ಮೇಲೆ ಸರಿಯಾದ ತಾರೀಖು: ಪೋಸ್ಟ್‌ಗ್ರೆಸ್‌ನಲ್ಲಿ ಟು_ಚಾರ್ ಬಳಸುವ ಬಗೆ

"ಮೇಡಂ, ಮೂರನೇ ತಾರೀಖು ಬೆಳಗ್ಗೆ ಹಾಕಿದ ಹಾಲಿಗೆ ಎರಡನೇ ತಾರೀಖಿನ ಚೀಟಿ ಬಂದದೆ" ಎಂದು ಡೈರಿಯ ಕಾರ್ಯದರ್ಶಿ ಫೋನ್ ಮಾಡಿದಾಗ ನಾನಿನ್ನೂ ಕಾಫಿ ಕುಡಿದಿರಲಿಲ್ಲ. ಹಳ್ಳಿಯ ಒಂದು ಹಾಲಿನ ಸಂಘಕ್ಕೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟವಳು ನಾನು. ಅದರ ಲೆಕ್ಕವೆಲ್ಲ ಕೂತಿರುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ. ಲೀಟರ್ ಸರಿಯಿತ್ತು, ಫ್ಯಾಟ್ ಸರಿಯಿತ್ತು, ದುಡ್ಡೂ ಸರಿಯಿತ್ತು. ತಾರೀಖು ಮಾತ್ರ ತಪ್ಪು. ಬಟವಾಡೆಯ ದಿನ ಚೀಟಿಗಳನ್ನು ಒಂದೊಂದಾಗಿ ಜೋಡಿಸಿ ಲೆಕ್ಕ ಹಾಕುವ ಹೆಂಗಸಿಗೆ ತಾರೀಖು ತಪ್ಪಿದ ಚೀಟಿ ಎಂದರೆ ಕಳೆದುಹೋದ ಹಾಲು. ಆ ಒಂದು ಚೀಟಿಯಿಂದ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಕಾರ್ಯದರ್ಶಿಗೆ ಫೋನಿನಲ್ಲಿ ಹೇಳಿಕೊಡುವ ಹಾಗೆ ಆದೇಶಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ಆದರೆ ಟೇಬಲ್ಲಿನ ಹೆಸರು "ಹಾಲು", ಕಾಲಮ್ಮಿನ ಹೆಸರು "ಹೊತ್ತು" ಎಂಬುದು ನಿಜಕ್ಕೂ ಕನ್ನಡದಲ್ಲೇ ಇವೆ. ಪೋಸ್ಟ್‌ಗ್ರೆಸ್ ಇದನ್ನು ಒಪ್ಪುತ್ತದೆ. ಹೆಸರಿಗೆ ಇರುವ ಮಿತಿ 63 ಬೈಟ್, ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಹಾಗಾಗಿ ಉದ್ದುದ್ದ ಹೆಸರಿಡಬೇಡಿ.

ಕಾಲವನ್ನು ಅಕ್ಷರವಾಗಿಸುವ ಫಂಕ್ಷನ್ ಟು_ಚಾರ್. ಮೊದಲು ಕಾಲ, ಆಮೇಲೆ ಉದ್ಧರಣ ಚಿಹ್ನೆಯೊಳಗೆ ಅದು ಹೇಗೆ ಕಾಣಬೇಕೆಂಬ ನಮೂನೆ:

ಸೆಲೆಕ್ಟ್ ಟು_ಚಾರ್(ಹೊತ್ತು, 'ಡಿಡಿ-ಎಂಎಂ-ವೈವೈವೈವೈ ಎಚ್‌ಎಚ್24:ಎಂಐ') ಫ್ರಮ್ ಹಾಲು;

ಡಿಡಿ ಎಂದರೆ ದಿನ, ಎಂಎಂ ತಿಂಗಳು, ವೈವೈವೈವೈ ವರ್ಷ, ಎಚ್‌ಎಚ್24 ಗಂಟೆ, ಎಂಐ ನಿಮಿಷ. ನನ್ನ ಮೊದಲ ಚೀಟಿಯೂ ಹೀಗೇ ಇತ್ತು. ತಪ್ಪಿದ್ದದ್ದು ನಮೂನೆಯಲ್ಲಲ್ಲ. 2024ರ ಜೂನ್ 3, ಸೋಮವಾರ ಬೆಳಗ್ಗೆ 5:10ಕ್ಕೆ ಹಾಲು ಅಳೆದಿದ್ದರು. ಸರ್ವರ್ ಯುಟಿಸಿ ಎಂಬ ಜಾಗತಿಕ ಮಾನಕ ಕಾಲದಲ್ಲಿ ಓಡುತ್ತಿತ್ತು. ನಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ, ಆದ್ದರಿಂದ ಸರ್ವರಿನ ಲೆಕ್ಕಕ್ಕೆ ಅದಿನ್ನೂ ಜೂನ್ 2ರ ರಾತ್ರಿ 23:40. ನಡುರಾತ್ರಿಯಿಂದ ಬೆಳಗ್ಗೆ ಐದೂವರೆಯೊಳಗೆ ನಡೆಯುವ ಯಾವ ಕೆಲಸಕ್ಕೂ ಈ ಗತಿಯೇ. ಬೆಳಗ್ಗೆ ಹತ್ತಕ್ಕೆ ಬಾಗಿಲು ತೆಗೆಯುವ ಕಚೇರಿಯ ಲೆಕ್ಕದಲ್ಲಿ ಈ ತಪ್ಪು ವರ್ಷಗಟ್ಟಲೆ ಕಾಣಿಸದೇ ಇರಬಹುದು. ಡೈರಿಯಲ್ಲಿ ಮೊದಲ ದಿನವೇ ಕಾಣುತ್ತದೆ.

ಹಾಗಾಗಿ ನಮೂನೆಗೆ ಕೈ ಹಾಕುವ ಮೊದಲು ಯಾವ ಕಾಲವಲಯ ಎಂದು ಹೇಳಬೇಕು:

ಟು_ಚಾರ್(ಹೊತ್ತು ಅಟ್ ಟೈಮ್ ಝೋನ್ 'ಏಷ್ಯಾ/ಕೋಲ್ಕತಾ', 'ಡಿಡಿ-ಎಂಎಂ-ವೈವೈವೈವೈ ಎಚ್‌ಎಚ್24:ಎಂಐ')

ಇಲ್ಲಿ ನಾನು ಎರಡು ಸಲ ಎಡವಿದೆ. ಮೊದಲು 'ಐಎಸ್‌ಟಿ' ಎಂದು ಬರೆದೆ. ಭಾರತದ ಕಾಲಕ್ಕೆ ನಾವೆಲ್ಲ ಹೇಳುವ ಹೆಸರು ಅದೇ ತಾನೆ? ಪೋಸ್ಟ್‌ಗ್ರೆಸ್‌ನ ಮಾಮೂಲಿ ಹೊಂದಿಕೆಯಲ್ಲಿ ಮಾತ್ರ ಆ ಮೂರಕ್ಷರ ಇಸ್ರೇಲಿನ ಕಾಲವನ್ನು ಸೂಚಿಸುತ್ತದೆ, ಯುಟಿಸಿಗಿಂತ ಎರಡೇ ಗಂಟೆ ಮುಂದೆ. ಐದು ಹತ್ತರ ಹಾಲು ನಡುರಾತ್ರಿ 1:40ರ ಹಾಲಾಯಿತು. ಅದನ್ನು ಅಳಿಸಿ 'ಯುಟಿಸಿ+5:30' ಎಂದು ಬರೆದೆ. ಇದು ಇನ್ನೂ ಕೆಟ್ಟದ್ದು. ಈ ಬಗೆಯ ಬರಹದಲ್ಲಿ ಕೂಡಿಸುವ ಚಿಹ್ನೆಗೆ ಗ್ರೀನಿಚ್‌ನ ಪಶ್ಚಿಮ ಎಂದು ಅರ್ಥ, ಹಾಗಾಗಿ ಐದೂವರೆ ಗಂಟೆ ಕಳೆದುಹೋಗುತ್ತದೆ. ಬೆಳಗಿನ ಹಾಲು ಹಿಂದಿನ ಸಂಜೆ 6:10ರ ಹಾಲಾಗಿ ಕೂತಿತು. ಸಂಜೆ ಆರು ಡೈರಿ ತೆರೆದಿರುವ ಹೊತ್ತೇ, ನೋಡಿದರೆ ಯಾರಿಗೂ ಅನುಮಾನ ಬಾರದು. ಅಂದಿನಿಂದ ಪೂರ್ತಿ ಹೆಸರು 'ಏಷ್ಯಾ/ಕೋಲ್ಕತಾ' ಬಿಟ್ಟು ಬೇರೇನನ್ನೂ ಬರೆದಿಲ್ಲ. ಸೆಷನ್ನಿನ (ಡೇಟಾಬೇಸ್‌ಗೆ ಮಾಡಿಕೊಂಡ ಆ ಒಂದು ಸಂಪರ್ಕದ) ವಲಯವನ್ನು ಬದಲಿಸಿಟ್ಟರೂ ನಡೆಯುತ್ತದೆ, ಆದರೆ ಅದೇ ಕ್ವೆರಿಯನ್ನು (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯನ್ನು) ನಾಳೆ ಇನ್ನೊಂದು ಯಂತ್ರದಿಂದ ಓಡಿಸಿದರೆ ಉತ್ತರ ಬೇರೆ ಬರಬಹುದು. ಕ್ವೆರಿಯೊಳಗೇ ಬರೆಯುವುದು ಮೇಲು.

ನಿಮ್ಮ ಕಾಲಮ್ಮು ಯಾವ ಬಗೆಯದೆಂದು ಮೊದಲು ನೋಡಿಕೊಳ್ಳಿ. ತಾರೀಖು, ಗಂಟೆ ಎರಡನ್ನೂ ಇಡುವ ಬಗೆಗೆ ಟೈಮ್‌ಸ್ಟ್ಯಾಂಪ್ ಎಂದು ಹೆಸರು. ಮೇಲಿನದು ವಲಯಸಹಿತ ಟೈಮ್‌ಸ್ಟ್ಯಾಂಪ್‌ಗೆ, ಅಂದರೆ ಟೈಮ್‌ಸ್ಟ್ಯಾಂಪ್‌ಟಿಝಡ್‌ಗೆ ಸರಿ. ವಲಯವಿಲ್ಲದ ಬರಿಯ ಟೈಮ್‌ಸ್ಟ್ಯಾಂಪ್ ಆಗಿದ್ದು ಅದರಲ್ಲಿ ಯುಟಿಸಿ ತುಂಬಿದ್ದರೆ, ಅಟ್ ಟೈಮ್ ಝೋನ್ ಎಂಬ ಅದೇ ಮಾತು ತಿರುಗುಮುರುಗಾಗಿ ಕೆಲಸ ಮಾಡುತ್ತದೆ: "ಇದು ಕೋಲ್ಕತಾದ ಕಾಲವೇ" ಎಂದು ತಿಳಿದುಬಿಡುತ್ತದೆ. ಆಗ ಎರಡು ಸಲ ಹೇಳಬೇಕು, ಮೊದಲು ಅಟ್ ಟೈಮ್ ಝೋನ್ 'ಯುಟಿಸಿ', ಅದರ ಬೆನ್ನಿಗೇ ಅಟ್ ಟೈಮ್ ಝೋನ್ 'ಏಷ್ಯಾ/ಕೋಲ್ಕತಾ'.

ಇನ್ನು ನಮೂನೆಯ ಅಕ್ಷರಗಳು. ನಿಮಿಷಕ್ಕೆ ಎಂಐ, ತಿಂಗಳಿಗೆ ಎಂಎಂ. ನಿಮಿಷದ ಜಾಗದಲ್ಲಿ ಎಂಎಂ ಹಾಕಿದರೆ ಯಾವ ದೂರೂ ಬರುವುದಿಲ್ಲ, ಜೂನ್ ತಿಂಗಳಿಡೀ 05:06, 06:06, 17:06 ಎಂದು ಚೀಟಿಗಳು ಬರುತ್ತಿರುತ್ತವೆ. ಗಂಟೆಗೆ ಬರಿಯ ಎಚ್‌ಎಚ್ ಬರೆದರೆ ಅದು ಹನ್ನೆರಡು ಗಂಟೆಯ ಗಡಿಯಾರ. ಬೆಳಗಿನ 5:40, ಸಂಜೆಯ 5:40 ಎರಡೂ 05:40. ಎರಡು ಹೊತ್ತು ಹಾಲು ಹಾಕುವವರಿಗೆ ಇದಕ್ಕಿಂತ ದೊಡ್ಡ ಗೊಂದಲ ಇಲ್ಲ. ಎಚ್‌ಎಚ್24 ಬಳಸಿ, ಇಲ್ಲವೇ ನನ್ನ ಹಾಗೆ ಮಾತಿನಲ್ಲೇ ಹೇಳಿ:

ಕೇಸ್ ವೆನ್ ಎಕ್ಸ್‌ಟ್ರ್ಯಾಕ್ಟ್(ಅವರ್ ಫ್ರಮ್ ಹೊತ್ತು ಅಟ್ ಟೈಮ್ ಝೋನ್ 'ಏಷ್ಯಾ/ಕೋಲ್ಕತಾ') < 12 ದೆನ್ 'ಬೆಳಗ್ಗೆ' ಎಲ್ಸ್ 'ಸಂಜೆ' ಎಂಡ್

ತಿಂಗಳ ಹೆಸರು ಬೇಕೆಂದು 'ಡಿಡಿ ಮಂತ್ ವೈವೈವೈವೈ' ಬರೆದರೆ ಜೂನ್‌ಗೂ 2024ಕ್ಕೂ ನಡುವೆ ದೊಡ್ಡ ಖಾಲಿ ಜಾಗ ಬೀಳುತ್ತದೆ. ಹೆಸರನ್ನು ಒಂಬತ್ತು ಅಕ್ಷರದ ಅಗಲಕ್ಕೆ ತುಂಬಿಸುವುದು ಅದರ ರೂಢಿ. ಇಂಗ್ಲಿಷಿನಲ್ಲಿ ಸೆಪ್ಟೆಂಬರ್‌ಗೆ ಸರಿಯಾಗಿ ಒಂಬತ್ತಕ್ಷರ, ಆ ತಿಂಗಳಲ್ಲಿ ಪರೀಕ್ಷೆ ಮಾಡಿದವರಿಗೆ ಏನೂ ಕಾಣದು. ಮಂತ್ ಪದಕ್ಕೆ ಮೊದಲು ಎಫ್‌ಎಂ ಸೇರಿಸಿದರೆ ಖಾಲಿ ಹೋಗುತ್ತದೆ. ಎಫ್‌ಎಂಡಿಡಿ ಎಂದರೆ 03 ಹೋಗಿ 3 ಬರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಎಫ್‌ಎಂ ತನ್ನ ನಂತರ ಬರುವ ಒಂದು ಅಂಶಕ್ಕೆ ಮಾತ್ರ ಅನ್ವಯಿಸುತ್ತದೆ, ಬೇಕಾದ ಕಡೆಯೆಲ್ಲ ಮತ್ತೆ ಬರೆಯಿರಿ.

ತಿಂಗಳು ಕನ್ನಡದಲ್ಲೇ ಬರಲಿ ಎಂಬುದು ನನ್ನ ಹಟವಾಗಿತ್ತು, ಏಕೆಂದರೆ ಚೀಟಿ ಓದುವವರು ಕನ್ನಡದವರು. ಮಂತ್‌ಗೆ ಮೊದಲು ಟಿಎಂ ಸೇರಿಸಿ, ಎಲ್‌ಸಿ_ಟೈಮ್ ಎಂಬ ಹೊಂದಿಕೆಯನ್ನು ಕನ್ನಡದ ಲೊಕೇಲ್‌ಗೆ (ಆ ಭಾಷೆಯ ರೂಢಿಗಳ ಹೊಂದಿಕೆಗೆ) ತಿರುಗಿಸಿದರೆ "3 ಜೂನ್ 2024" ಎಂದೇ ಬರುತ್ತದೆ. ಅದಕ್ಕೆ ಸರ್ವರಿನ ಲಿನಕ್ಸ್‌ನಲ್ಲಿ ಕನ್ನಡ ಲೊಕೇಲ್ ಇರಬೇಕು, ಇಲ್ಲದಿದ್ದರೆ ಮೊದಲು ಸೇರಿಸಿಕೊಳ್ಳಿ. ಅಂಕಿಗಳೂ ಕನ್ನಡದಲ್ಲಿ ಬೇಕಾದರೆ ಇಡೀ ಟು_ಚಾರ್ ಅನ್ನು ಇನ್ನೊಂದು ಫಂಕ್ಷನ್ನಿನೊಳಗೆ ಇಡಿ:

ಟ್ರಾನ್ಸ್‌ಲೇಟ್(ಟು_ಚಾರ್(…), '0123456789', '೦೧೨೩೪೫೬೭೮೯')

ಒಂದೊಂದು ಅಂಕಿಯ ಜಾಗಕ್ಕೂ ಅದರ ಕನ್ನಡ ಜೋಡಿ ಬಂದು ಕೂರುತ್ತದೆ. "೦೩-೦೬-೨೦೨೪" ಎಂದು ಮುದ್ರಣವಾದ ಮೊದಲ ಚೀಟಿಯನ್ನು ನಾನು ಎತ್ತಿಟ್ಟುಕೊಂಡಿದ್ದೇನೆ.

ನಮೂನೆಯೊಳಗೆ 'ದಿನಾಂಕ: ಡಿಡಿ' ಎಂದು ಕನ್ನಡ ಪದವನ್ನು ಹಾಗೇ ಬರೆಯಬಹುದು. ಅದೇ ಪದವನ್ನು ಇಂಗ್ಲಿಷಿನಲ್ಲಿ 'ಡೇಟ್' ಎಂದು ಬರೆದರೆ ಮೊದಲ ಡಿ ಅಕ್ಷರವನ್ನು ವಾರದ ದಿನವೆಂದು ತಿಳಿದು ಅಲ್ಲಿ ಅಂಕಿ ಹಾಕುತ್ತದೆ: ಭಾನುವಾರ 1, ಸೋಮವಾರ 2. ಇಂಗ್ಲಿಷ್ ಪದಗಳಿಗೆ ಜೋಡಿ ಉದ್ಧರಣ ಚಿಹ್ನೆ ಹಾಕಿ.

ಅಕ್ಷರವಾದ ಮೇಲೆ ಅದು ಕಾಲವಲ್ಲ. ಅಕ್ಷರಗಳ ಸಾಲಿನಲ್ಲಿ 01-06-2024 ಆದ ಮೇಲೆ 01-07-2024, ಆಮೇಲೆ 02-06-2024 ಬರುತ್ತದೆ. ವಿಂಗಡಣೆಗೆ ಯಾವಾಗಲೂ ಮೂಲ ಕಾಲಮ್ಮನ್ನೇ ಬಳಸಿ. ಟು_ಚಾರ್‌ನ ಫಲಿತಾಂಶಕ್ಕೂ "ಹೊತ್ತು" ಎಂದೇ ಹೆಸರಿಟ್ಟರೆ, ಆರ್ಡರ್ ಬೈ ಹೊತ್ತು ಎಂದು ವಿಂಗಡಿಸಿದಾಗ ಪೋಸ್ಟ್‌ಗ್ರೆಸ್ ಆರಿಸುವುದು ಆ ಅಕ್ಷರವನ್ನು. ನಾನು ಅದಕ್ಕೆ "ಚೀಟಿ_ತಾರೀಖು" ಎಂದು ಬೇರೆ ಹೆಸರು ಕೊಡುತ್ತೇನೆ. ಬೇಕಾದ ಸಾಲುಗಳನ್ನು ಆರಿಸುವ ವೇರ್‌ನಲ್ಲೂ ಟು_ಚಾರ್ ಬೇಡ, ಹೊತ್ತು ಕಾಲಮ್ಮಿನ ಮೇಲಿರುವ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಕೆಲಸಕ್ಕೆ ಬಾರದೆ ಹೋಗುತ್ತದೆ. ಜೂನ್ ತಿಂಗಳ ಹಾಲು ಬೇಕಾದರೆ:

ವೇರ್ ಹೊತ್ತು >= '2024-06-01 00:00 ಏಷ್ಯಾ/ಕೋಲ್ಕತಾ' ಆ್ಯಂಡ್ ಹೊತ್ತು < '2024-07-01 00:00 ಏಷ್ಯಾ/ಕೋಲ್ಕತಾ'

ಆಡಿಟ್‌ಗೆ "2024-25" ಎಂಬ ಹಣಕಾಸು ವರ್ಷ ಬೇಕಾಗುತ್ತದೆ. ಮೂರು ತಿಂಗಳು ಹಿಂದೆ ಸರಿದು ವೈವೈವೈವೈ, ಒಂಬತ್ತು ತಿಂಗಳು ಮುಂದೆ ಸರಿದು ವೈವೈ ತೆಗೆದು, ನಡುವೆ ಗೆರೆ ಹಾಕಿ ಜೋಡಿಸಿ. ವೈವೈವೈವೈ ಜಾಗದಲ್ಲಿ ಐವೈವೈವೈ ಬರೆಯದಿರಿ. ಅದು ವಾರದ ಲೆಕ್ಕದ ವರ್ಷ, 2024ರ ಡಿಸೆಂಬರ್ 30ಕ್ಕೆ 2025 ಎನ್ನುತ್ತದೆ.

ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವರಿಗೆ ಡೇಟ್_ಫಾರ್ಮ್ಯಾಟ್ ಇದೆ, ಅಲ್ಲಿ ನಿಮಿಷಕ್ಕೆ ಚಿಕ್ಕ %ಐ, ದೊಡ್ಡ %ಎಂ ಎಂದರೆ ತಿಂಗಳ ಹೆಸರು. ಎಸ್‌ಕ್ಯೂಲೈಟ್‌ನ ಎಸ್‌ಟಿಆರ್‌ಎಫ್‌ಟೈಮ್‌ನಲ್ಲಿ ಅದೇ ದೊಡ್ಡ %ಎಂ ನಿಮಿಷ. ಒಂದರಿಂದ ಇನ್ನೊಂದಕ್ಕೆ ನಮೂನೆಯನ್ನು ನಕಲು ಮಾಡಬೇಡಿ.

ಹೊಸ ಚೀಟಿ ಬರೆದಾಗಲೆಲ್ಲ ನಾನು ಒಂದೇ ಹೊತ್ತಿನಿಂದ ಪರೀಕ್ಷಿಸುತ್ತೇನೆ: 2025ರ ಏಪ್ರಿಲ್ 1, ಬೆಳಗ್ಗೆ 5:10. ಯುಟಿಸಿಯಲ್ಲಿ ಅದಿನ್ನೂ ಮಾರ್ಚ್ 31. ದಿನ, ತಿಂಗಳು, ಹಣಕಾಸು ವರ್ಷ ಮೂರೂ ಅಲ್ಲಿ ಒಟ್ಟಿಗೆ ತಿರುಗುತ್ತವೆ. 01-04-2025, ಬೆಳಗ್ಗೆ, 05:10, 2025-26 ಎಂದು ಬಂದ ಮೇಲೆಯೇ ಕಾರ್ಯದರ್ಶಿಗೆ ಫೋನ್ ಮಾಡುತ್ತೇನೆ.