ಹೃದಯದ ಶಬ್ದಗಳನ್ನು ಗುರುತಿಸಲು ನಾನು ರೂಢಿಸಿಕೊಂಡ ಕ್ರಮ

ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯ ಕಡೆ ಸಾಮಾನ್ಯ ವೈದ್ಯನಾಗಿ ಕೆಲಸ ಮಾಡುವ ನನ್ನ ಬಳಿ ಹೃದಯವನ್ನು ಶಬ್ದತರಂಗಗಳಿಂದ ತೆರೆಯ ಮೇಲೆ ತೋರಿಸುವ ಎಕೋ ಯಂತ್ರವಿಲ್ಲ. ಹೃದಯದಲ್ಲಿ ತೊಂದರೆಯಿರಬಹುದೆನಿಸಿದವರನ್ನು ಬಾಗಲಕೋಟೆಗೋ ಬೆಳಗಾವಿಗೋ ಕಳಿಸಬೇಕಾಗುತ್ತದೆ, ಮತ್ತು ಮಗ್ಗದ ಕೂಲಿಯನ್ನೇ ನಂಬಿದ ಮನೆಗೆ ಅದು ಆ ದಿನದ ಗಳಿಕೆಯನ್ನೂ ಬಸ್ಸಿನ ಖರ್ಚನ್ನೂ ಒಟ್ಟಿಗೆ ಹೊರಿಸುತ್ತದೆ. ಹಾಗಾಗಿ ಯಾರು ಹೋಗಲೇಬೇಕು, ಯಾರಿಗೆ ಧೈರ್ಯ ಹೇಳಿ ಮನೆಗೆ ಕಳಿಸಬಹುದು ಎಂಬುದನ್ನು ನಾನು ಬಹುಮಟ್ಟಿಗೆ ಸ್ಟೆತಾಸ್ಕೋಪಿನಿಂದಲೇ ತೀರ್ಮಾನಿಸಬೇಕು.

ಕಿವಿಗೆ ಬಿದ್ದ ಮರ್ಮರಕ್ಕೆ (ಹೃದಯದ ಬಡಿತದ ಶಬ್ದಗಳ ನಡುವೆ ಕೇಳುವ ಹೆಚ್ಚಿನ ಸುಯ್ಯೆನ್ನುವ ಸದ್ದಿಗೆ) ತಕ್ಷಣ ಹೆಸರು ಕೊಡದೆ, ಅದು ಯಾವ ಕಾಲದ್ದೆಂದು ಮೊದಲು ಗೊತ್ತುಮಾಡಿಕೊಳ್ಳುವುದೇ ನನ್ನ ಕ್ರಮದ ತಳಹದಿ. ಬಲಗೈಯಲ್ಲಿ ಸ್ಟೆತಾಸ್ಕೋಪು ಹಿಡಿದು ಎಡಗೈ ಬೆರಳನ್ನು ರೋಗಿಯ ಕುತ್ತಿಗೆಯ ನಾಡಿಯ ಮೇಲೆ ಹಗುರಾಗಿ ಇಡುತ್ತೇನೆ. ನಾಡಿ ಮಿಡಿಯುವುದಕ್ಕೆ ತುಸು ಮೊದಲು, ಹೆಚ್ಚುಕಡಿಮೆ ಅದರೊಡನೆಯೇ ಕೇಳುವುದು ಮೊದಲನೆಯ ಶಬ್ದ. ಅದು ಹೃದಯದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ ಮತ್ತು ಟ್ರೈಕಸ್ಪಿಡ್ ಕವಾಟಗಳು ಮುಚ್ಚುವಾಗಿನದು. ನಾಡಿಯ ನಂತರ ಬರುವುದು ಎರಡನೆಯದು, ಅಂದರೆ ಹೃದಯದಿಂದ ರಕ್ತ ಹೊರಹೋಗುವ ದಾರಿಯಲ್ಲಿರುವ ಅಯೋರ್ಟಿಕ್ ಮತ್ತು ಪಲ್ಮನರಿ ಕವಾಟಗಳದು. ಇವೆರಡರ ನಡುವಿನದು ಸಂಕೋಚನದ ಕಾಲ, ಉಳಿದದ್ದು ವಿಕಸನದ ಕಾಲ. ಮಣಿಕಟ್ಟಿನ ನಾಡಿ ತಡವಾಗಿ ತಲುಪುವುದರಿಂದ ಈ ಕೆಲಸಕ್ಕೆ ಅದನ್ನು ನಾನು ಬಳಸುವುದಿಲ್ಲ. ಹೃದಯ ವೇಗವಾಗಿ ಬಡಿಯುತ್ತಿದ್ದರೆ ಎರಡೂ ಅವಧಿಗಳು ಒಂದೇ ಉದ್ದವಾಗಿ ತೋರುತ್ತವೆ. ಆಗ ಬೆರಳಿನ ಸಾಕ್ಷಿಯಿಲ್ಲದೆ ಕಿವಿಯೊಂದನ್ನೇ ನಂಬುವಂತಿಲ್ಲ.

ಸಹಜ ಹೃದಯಗಳನ್ನು ಬೇಸರಿಸದೆ ಕೇಳಿದ್ದರಿಂದ ನನಗೆ ದೊರೆತ ಲಾಭ ದೊಡ್ಡದು. ಜ್ವರಕ್ಕೋ ಕೆಮ್ಮಿಗೋ ಬಂದ ಹರೆಯದವರಲ್ಲಿ ಎದೆಮೂಳೆಯ ಎಡಕ್ಕೆ, ಎರಡನೆಯ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ ಸ್ಟೆತಾಸ್ಕೋಪು ಇಟ್ಟು ಅವರ ಉಸಿರಾಟವನ್ನು ಗಮನಿಸುತ್ತಿದ್ದೆ. ಉಸಿರು ಒಳಗೆಳೆದಾಗ ಹೃದಯದ ಬಲಭಾಗಕ್ಕೆ ಹೆಚ್ಚು ರಕ್ತ ಬಂದು ಪಲ್ಮನರಿ ಕವಾಟ ತುಸು ತಡವಾಗಿ ಮುಚ್ಚುವುದರಿಂದ ಎರಡನೆಯ ಶಬ್ದ ಎರಡಾಗಿ ಒಡೆಯುತ್ತದೆ, ಉಸಿರು ಬಿಟ್ಟಾಗ ಮತ್ತೆ ಕೂಡಿಕೊಳ್ಳುತ್ತದೆ. ಈ ಬದಲಾವಣೆ ಕಿವಿಗೆ ಪರಿಚಿತವಾದ ಮೇಲೆಯೇ, ಉಸಿರು ಒಳಗೆಳೆದರೂ ಬಿಟ್ಟರೂ ಅದೇ ಅಂತರದಲ್ಲಿ ಒಡೆದೇ ಇರುವ ಶಬ್ದ ಬೇರೆಯೆಂದು ಎದ್ದು ಕಾಣುತ್ತದೆ. ಅದು ಹೃತ್ಕರ್ಣಗಳ, ಅಂದರೆ ಹೃದಯದ ಮೇಲಿನ ಎರಡು ಕೋಣೆಗಳ, ನಡುಗೋಡೆಯ ರಂಧ್ರದ ಗುರುತು, ಮತ್ತು ಅಂಥವರನ್ನು ಮರ್ಮರ ಎಷ್ಟೇ ಮೆದುವಾಗಿದ್ದರೂ ನಾನು ಎಕೋಗೆ ಕಳಿಸುತ್ತೇನೆ.

ನಮ್ಮೂರಿನಲ್ಲಿ ಇನ್ನೊಂದು ತೊಡಕಿದೆ. ಓಣಿಯ ಎರಡೂ ಬದಿಯಲ್ಲಿ ಪವರ್‌ಲೂಮ್ ಓಡುತ್ತಿರುವಾಗ ಕೆಳಸ್ವರದ ಶಬ್ದಗಳು ಅದರೊಳಗೆ ಮುಳುಗಿಹೋಗುತ್ತವೆ. ಕೆಲವರಲ್ಲಿ ಎರಡನೆಯದರ ಬೆನ್ನಿಗೇ ಕೇಳುವ ಮೂರನೆಯ ಶಬ್ದ, ಮೊದಲನೆಯದಕ್ಕೆ ಮುಂಚಿನ ನಾಲ್ಕನೆಯ ಶಬ್ದ, ಮೈಟ್ರಲ್ ಕವಾಟ ಕಿರಿದಾದಾಗಿನ ಗುಡುಗುಡು, ಇವೆಲ್ಲ ಕೆಳಸ್ವರದವೇ. ಸಂಶಯವಿದ್ದ ರೋಗಿಗಳನ್ನು ನಾನು ಒಳಕೋಣೆಗೆ ಕರೆದು, ಫ್ಯಾನ್ ನಿಲ್ಲಿಸಿ, ಬಾಗಿಲು ಮುಚ್ಚಿ ನೋಡುತ್ತೇನೆ. ಕರೆಂಟು ಹೋಗಿ ಮಗ್ಗಗಳು ನಿಂತರೆ ಆ ವೇಳೆಯನ್ನು ಬಿಡದೆ ಅವರನ್ನು ಮತ್ತೊಮ್ಮೆ ಪರೀಕ್ಷಿಸುತ್ತೇನೆ. ಈ ಶಬ್ದಗಳಿಗೆ ಸ್ಟೆತಾಸ್ಕೋಪಿನ ಬೆಲ್ ಬದಿಯನ್ನು, ಅಂದರೆ ಗಂಟೆಯಾಕಾರದ ಕಡೆಯನ್ನು, ಚರ್ಮಕ್ಕೆ ತಾಗಿಯೂ ತಾಗದಷ್ಟು ಹಗುರವಾಗಿ ಇಡಬೇಕು. ಒತ್ತಿದರೆ ಕೆಳಗಿನ ಚರ್ಮವೇ ಬಿಗಿದು, ಸ್ಟೆತಾಸ್ಕೋಪಿನ ಇನ್ನೊಂದು ಬದಿಯ ಚಪ್ಪಟೆ ಪೊರೆಯಾದ ಡಯಾಫ್ರಾಂನಂತೆ ಕೆಲಸ ಮಾಡುವುದರಿಂದ ಕೇಳಬೇಕಾದದ್ದೇ ಅಡಗಿಬಿಡುತ್ತದೆ.

ಮೂರನೆಯ ಶಬ್ದವನ್ನು ವಯಸ್ಸಿನೊಂದಿಗೆ ಹೊಂದಿಸಿ ಅರ್ಥಮಾಡಿಕೊಳ್ಳಬೇಕು. ಮಕ್ಕಳಲ್ಲಿ, ಹರೆಯದವರಲ್ಲಿ, ಬಸುರಿಯರಲ್ಲಿ ಅದು ಸಹಜವಾಗಿಯೇ ಇರಬಹುದು. ಕಾಲು ಬಾತು, ಮಲಗಿದರೆ ಉಸಿರು ಕಟ್ಟುವ ಅರವತ್ತು ದಾಟಿದವರಲ್ಲಿ ಅದು ಹೃದಯ ಸೋಲುತ್ತಿರುವುದರ ಸೂಚನೆ. ನಾಲ್ಕನೆಯದು ಬಹುಕಾಲದ ರಕ್ತದೊತ್ತಡದಿಂದ ಹೃತ್ಕುಕ್ಷಿ, ಅಂದರೆ ಹೃದಯದ ಕೆಳಕೋಣೆ, ಬಿರುಸಾದವರಲ್ಲಿ ಮೊದಲನೆಯ ಶಬ್ದಕ್ಕೆ ತುಸು ಮುಂಚೆ ಕೇಳುತ್ತದೆ.

ನಾನು ಹೆಚ್ಚು ಹೊತ್ತು ಕೊಡುವುದು ಮೈಟ್ರಲ್ ಕವಾಟಕ್ಕೆ. ಬಾಲ್ಯದ ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ನಮ್ಮಲ್ಲಿ ಇನ್ನೂ ಹೋಗಿಲ್ಲ, ಮತ್ತು ಅದು ಕೆಡಿಸಿದ ಕವಾಟ ಎಷ್ಟೋ ಹೆಣ್ಣುಮಕ್ಕಳಲ್ಲಿ ಬಸುರಿನ ಹೊತ್ತಿಗೇ ಮೊದಲು ಬಯಲಾಗುತ್ತದೆ. "ನಾಕ ಹೆಜ್ಜಿ ನಡದ್ರ ದಮ್ಮ ಹತ್ತತೈತ್ರಿ ಸಾಹೇಬ್ರ" ಎಂದು ಹೇಳಿದಾಕೆಯ ದಮ್ಮನ್ನು ಬಸುರಿನ ಆಯಾಸವೆಂದೋ ರಕ್ತಹೀನತೆಯೆಂದೋ ಬಿಟ್ಟುಬಿಡುವ ಮೊದಲು "ಯವ್ವಾ, ಎಡಮಗ್ಗಲಾಗಿ ಮಲಕೋ, ಉಸುರ ಬಿಟ್ಟು ಹಂಗ ಹಿಡಕೋ" ಎಂದು ಹೇಳಿ, ಹೃದಯದ ತುದಿ ಬಡಿಯುವ ಜಾಗವನ್ನು ಬೆರಳಿನಿಂದ ಹುಡುಕಿ ಅಲ್ಲಿಯೇ ಬೆಲ್ ಇಡುತ್ತೇನೆ. ಮೊದಲನೆಯ ಶಬ್ದ ಬಾಗಿಲು ಬಡಿದಂತೆ ಜೋರಾಗಿದ್ದರೆ ಅಲ್ಲಿಗೇ ಎಚ್ಚರವಾಗಬೇಕು. ಬಳಿಕ ಎರಡನೆಯ ಶಬ್ದದ ಹಿಂದೆಯೇ ಕವಾಟ ತೆರೆಯುವ ಚಿಕ್ಕ ಚಟ್ ಸದ್ದು, ಅದರ ಹಿಂದೆ ವಿಕಸನದ ಗುಡುಗುಡು ಬರುತ್ತವೆ. ಎರಡನೆಯ ಶಬ್ದಕ್ಕೂ ಆ ಚಟ್‌ಗೂ ಅಂತರ ಕಡಿಮೆಯಾದಷ್ಟೂ ಕವಾಟ ಹೆಚ್ಚು ಕಿರಿದಾಗಿದೆ ಎಂದರ್ಥ.

ಅಯೋರ್ಟಿಕ್ ಕವಾಟದ ಸೋರಿಕೆಗೆ ಬೇರೆ ಭಂಗಿ ಬೇಕು: ಕೂತು ಮುಂದಕ್ಕೆ ಬಾಗಿ, ಉಸಿರು ಪೂರ್ತಿ ಬಿಟ್ಟು ಹಿಡಿದಾಗ, ಎದೆಮೂಳೆಯ ಎಡ ಅಂಚಿನಲ್ಲಿ ಡಯಾಫ್ರಾಂ ಒತ್ತಿ ಕೇಳಿದರೆ ಎರಡನೆಯ ಶಬ್ದದಿಂದಲೇ ಶುರುವಾಗಿ ಇಳಿಯುತ್ತ ಹೋಗುವ ಮೇಲ್ಸ್ವರದ ಮರ್ಮರ ಸಿಗುತ್ತದೆ. ವಿಕಸನದ ಮರ್ಮರ ಯಾವುದೇ ಇರಲಿ, ನಿರಪಾಯವೆಂದು ನಾನು ಬಿಡುವುದಿಲ್ಲ.

ಸಂಕೋಚನದ ಮರ್ಮರದಲ್ಲಿ ವಿವೇಚನೆ ಹೆಚ್ಚು ಬೇಕು. ಚುರುಕಾಗಿ ಬೆಳೆಯುತ್ತಿರುವ, ಆಟವಾಡುವ ಮಗುವಿನಲ್ಲಿ ಮೆದುವಾದ, ತಂತಿ ಮೀಟಿದಂಥ ನಾದದ ಮರ್ಮರವಿದ್ದು, ಎದ್ದು ನಿಂತಾಗ ಅದು ಕುಗ್ಗಿ, ಎರಡನೆಯ ಶಬ್ದ ಸಹಜವಾಗಿ ಒಡೆಯುತ್ತಿದ್ದರೆ ತಾಯಿಗೆ ಧೈರ್ಯ ಹೇಳುತ್ತೇನೆ. ರಕ್ತಹೀನತೆಯ ಮರ್ಮರ ಕಬ್ಬಿಣದ ಗುಳಿಗೆಯಿಂದ ರಕ್ತ ಏರಿದ ಮೇಲೆ ಇಲ್ಲವಾಗುತ್ತದೆ, ಆದ್ದರಿಂದ ಅವರನ್ನು ಮರಳಿ ಕರೆಸಿ ಕೇಳುತ್ತೇನೆ. ಕುತ್ತಿಗೆಗೆ ಹರಡುವ ಒರಟು ಮರ್ಮರ ಅಯೋರ್ಟಿಕ್ ಕವಾಟದ ಕಿರಿದಾಗುವಿಕೆಯ ಕಡೆಗೆ, ಸಂಕೋಚನವನ್ನು ಪೂರ್ತಿ ತುಂಬಿ ಕಂಕುಳಿಗೆ ಹರಡುವುದು ಮೈಟ್ರಲ್ ಸೋರಿಕೆಯ ಕಡೆಗೆ ಬೊಟ್ಟು ಮಾಡುತ್ತವೆ.

ಮರ್ಮರದ ಜೋರನ್ನು ಆರು ದರ್ಜೆಗಳಲ್ಲಿ ಬರೆಯುವ ಪದ್ಧತಿಯನ್ನು 1933ರಲ್ಲಿ ಅಮೆರಿಕದ ವೈದ್ಯರಾದ ಫ್ರೀಮನ್ ಮತ್ತು ಲೆವಿನ್ ಮುಂದಿಟ್ಟರು. ನಾಲ್ಕನೆಯ ದರ್ಜೆಯಿಂದ ಅಂಗೈಗೆ ಕಂಪನವೂ ತಿಳಿಯುತ್ತದೆ. ಆದರೆ ಜೋರು ಬೇರೆ, ರೋಗದ ತೀವ್ರತೆ ಬೇರೆ. ಹೃತ್ಕುಕ್ಷಿಗಳ ನಡುವಿನ ಸಣ್ಣ ರಂಧ್ರ ಬಹಳ ಸದ್ದು ಮಾಡುತ್ತದೆ, ತೀರ ಕಿರಿದಾದ ಅಯೋರ್ಟಿಕ್ ಕವಾಟದ ಮರ್ಮರ ಹೃದಯ ಬಳಲಿದಾಗ ಮೆದುವಾಗುತ್ತದೆ. ಆದ್ದರಿಂದ ಕಳಿಸುವ ಚೀಟಿಯಲ್ಲಿ ಬರೀ "ಮರ್ಮರವಿದೆ" ಎಂದು ಬರೆಯದೆ, ಅದು ಯಾವ ಕಾಲದ್ದು, ಎಲ್ಲಿ ಹೆಚ್ಚು, ಎಲ್ಲಿಗೆ ಹರಡುತ್ತದೆ, ಉಸಿರು ಮತ್ತು ಭಂಗಿ ಬದಲಾದಾಗ ಏನಾಗುತ್ತದೆ ಎಂಬುದನ್ನು ಬರೆಯುತ್ತೇನೆ. ರುಮ್ಯಾಟಿಕ್ ಕಾಯಿಲೆಯೇ ಎಂದು ಅಲ್ಲಿ ಖಚಿತಪಡಿಸಿಕೊಂಡು ಊರಿಗೆ ಮರಳಿದವರ ಹೆಸರನ್ನು ನಮ್ಮ ವಹಿಯಲ್ಲಿ ಬೇರೆಯಾಗಿಯೇ ಬರೆದಿಟ್ಟು, ಆ ಜ್ವರ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಕೊಡುವ ಬೆಂಜಥೈನ್ ಪೆನಿಸಿಲಿನ್ ಚುಚ್ಚುಮದ್ದಿಗೆ ಬಾರದಿದ್ದರೆ ಮನೆಗೆ ಹೇಳಿ ಕಳಿಸುತ್ತೇವೆ.