ಪದ್ಮಿನಿಯ ನಾಲ್ಕು ಡೋರುಗಳು: ಗ್ಯಾಪ್ ಕೊನೆಗೂ ಸರಿಹೋಯಿತು

"ಇವನ್ನ ಗುಜರಿಗೆ ಹಾಕಿ ಸಾರ್, ಬೇರೆ ಡೋರ್ ತಂದು ಕೂರಿಸೋಣ." ಮೂವರು ಟಿಂಕರ್‌ಗಳು ಇದನ್ನೇ ಹೇಳಿದ್ದರು. ನನ್ನದು 1978ರ ಪ್ರೀಮಿಯರ್ ಪದ್ಮಿನಿ ಕಾರು. ನಾಲ್ಕೂ ಡೋರುಗಳ ಕೆಳಗಿನ ಮೂರ್ನಾಲ್ಕು ಇಂಚನ್ನು ತುಕ್ಕು ತಿಂದಿತ್ತು. ನೀರು ಇಳಿಯುವ ತೂತುಗಳು ಮಣ್ಣು ಕಟ್ಟಿ ಮುಚ್ಚಿಹೋಗಿದ್ದವು. ಅದೇ ಡೋರುಗಳು ಈಗ ಎರಡು ಮಳೆಗಾಲ ಕಂಡಿವೆ. ಒಂದು ಗುಳ್ಳೆಯೂ ಎದ್ದಿಲ್ಲ.

ಮೊದಲ ತಪ್ಪು ದುಬಾರಿಯಾಯಿತು. ಡೋರುಗಳನ್ನೆಲ್ಲ ಬಿಚ್ಚಿಟ್ಟು, ಬಲಗಡೆಯ ಸಿಲ್ (ಡೋರುಗಳ ಕೆಳಗೆ ಉದ್ದಕ್ಕೂ ಹೋಗುವ ಬಾಡಿಯ ಪಟ್ಟಿ) ಕತ್ತರಿಸಿದೆ. ಈ ಗಾಡಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್ ಅಲ್ವಾ? ಹೊಸ ಸಿಲ್ ಬೆಸೆಯುವಷ್ಟರಲ್ಲಿ ನಡು ಕುಸಿದಿತ್ತು. ಡೋರ್ ಏರಿಸಿದರೆ ಒಂದು ಕಡೆ ಬೆರಳು ತೂರುವಷ್ಟು ಗ್ಯಾಪ್, ಇನ್ನೊಂದು ಕಡೆ ತಗಡಿಗೆ ತಗಡು ಉಜ್ಜುತ್ತಿತ್ತು. ಸುಮಾರು ಒಂಬತ್ತು ಸಾವಿರ ರೂಪಾಯಿ ನೀರಿಗೆ ಹೋಯಿತು.

ಆಮೇಲೆ ಒಂದು ಡೋರಿಗೆ ಗ್ಯಾಸ್ ವೆಲ್ಡಿಂಗ್ ಮಾಡಿಸಿದೆ. ಬಿಸಿಗೆ ತಗಡು ಅಲೆ ಅಲೆಯಾಯಿತು. ಅದನ್ನು ಮುಚ್ಚಲು ದಪ್ಪಗೆ ಪುಟ್ಟಿ ಮೆತ್ತಿದರು. ಆರು ತಿಂಗಳಿಗೆ ಬಿರುಕು ಬಿಟ್ಟಿತು. ಇನ್ನೊಂದು ನಾಲ್ಕು ಸಾವಿರ ಹೋಯಿತು.

ಈ ನಡುವೆ ತುಕ್ಕು ಬಿಡಿಸಲು ಕಾಕಂಬಿಯ (ಸಕ್ಕರೆ ತಯಾರಿಸುವಾಗ ಉಳಿಯುವ ಕಪ್ಪು ಪಾಕ) ಪ್ರಯೋಗವೂ ಆಯಿತು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಹಿಂಜ್‌ಗಳನ್ನು ಹದಿನೈದು ದಿನ ಮುಳುಗಿಸಿಟ್ಟೆ. ವಾಸನೆ ತಡೆಯಲು ಆಗುವುದಿಲ್ಲ, ಆದರೆ ತುಕ್ಕು ಪೂರ್ತಿ ಬಿಟ್ಟಿತು. ತೆಗೆದು ತೊಳೆದ ತಕ್ಷಣ ಒಣಗಿಸಿ ಪ್ರೈಮರ್ ಹೊಡೆಯಿರಿ. ಸುಮ್ನೆ ಬಿಟ್ಟರೆ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ. ಡೋರ್ ಮುಳುಗಿಸುವಷ್ಟು ದೊಡ್ಡ ತೊಟ್ಟಿ ನನ್ನ ಹತ್ತಿರ ಇರಲಿಲ್ಲ.

ಮೂರನೇ ಸಲ ಕ್ರಮವನ್ನೇ ಬದಲಿಸಿದೆ. ಸವೆದ ಹಿಂಜ್ ಪಿನ್ ಮೊದಲು ಹೊಸದು ಮಾಡಿಸಿದೆ. ಬಾಡಿಯನ್ನು ಸಮತಟ್ಟಾಗಿ ನಿಲ್ಲಿಸಿ, ಡೋರ್ ಜಾಗಕ್ಕೆ ಅಡ್ಡ ಪೈಪ್ ಬೆಸೆದು, ಆಮೇಲಷ್ಟೇ ಹಳೇ ಸಿಲ್ ಕಿತ್ತೆ. ಡೋರಿನಲ್ಲಿ ಒಳಗಿನ ಫ್ರೇಮ್ ಮೊದಲು ಸರಿಮಾಡಿದೆ. ಹೊರಗಿನ ತಗಡಿಗೆ ಕೆಳಗಿನಿಂದ ಐದು ಇಂಚು ಕತ್ತರಿಸಿ 20 ಗೇಜ್ ಪ್ಯಾಚ್ ಕೂರಿಸಿದೆ. ಮಿಗ್‌ನಲ್ಲಿ (ತಂತಿ ತಾನೇ ಬರುವ ಕರೆಂಟ್ ವೆಲ್ಡಿಂಗ್) ಬರೀ ಟ್ಯಾಕ್, ಅಂದ್ರೆ ಚುಕ್ಕಿಯಷ್ಟು ಬೆಸುಗೆ. ಒಂದು ಇಲ್ಲಿ, ಮುಂದಿನದು ಅಲ್ಲಿ. ಕೈಯಿಟ್ಟರೆ ಸುಡದಷ್ಟು ಆರಿದ ಮೇಲೇ ಇನ್ನೊಂದು. ಒಂದು ಡೋರಿಗೆ ಎರಡು ದಿನ ಹಿಡಿಯಿತು. ಟ್ಯಾಕ್‌ಗಳ ಸರದಿ ಮಾತ್ರ ನನ್ನಲ್ಲೇ ಇರಲಿ. ಅದನ್ನು ಕಲಿಯಲು ಮೂರು ತಗಡು ಹಾಳಾಗಿವೆ.

ಎಲ್ಲರೂ ತಪ್ಪುವ ಜಾಗ ಒಂದಿದೆ. ಹೊರಗಿನ ತಗಡಿನ ಅಂಚನ್ನು ಒಳಗಿನ ಫ್ರೇಮ್ ಮೇಲೆ ಮಡಚುವ ಮುಂಚೆಯೇ ಡೋರನ್ನು ಗಾಡಿಗೆ ಏರಿಸಬೇಕು. ಗ್ಲಾಸು, ಗ್ಲಾಸ್ ಮೆಷಿನ್, ಲಾಕ್, ಬೀಡಿಂಗ್ ಎಲ್ಲ ಹಾಕಿರಬೇಕು. ಆ ಭಾರಕ್ಕೆ ಡೋರ್ ಎರಡು ಮಿಲಿಮೀಟರ್ ಆದರೂ ಇಳಿಯುತ್ತದೆ. ತಗಡನ್ನು ಕ್ಲ್ಯಾಂಪ್‌ನಲ್ಲಿ ಹಿಡಿದು, ಗ್ಯಾಪ್ ಸುತ್ತಲೂ ನಾಲ್ಕು ಮಿಲಿಮೀಟರ್ ಬಂದ ಮೇಲೆ ಅಲ್ಲಲ್ಲಿ ಮಡಚಿ ಬಿಗಿಮಾಡಿದೆ. ಆಮೇಲೆ ಇಳಿಸಿ, ಸಾಮಾನು ಬಿಚ್ಚಿ, ಡಾಲಿ (ಸುತ್ತಿಗೆ ಏಟಿಗೆ ಹಿಂದೆ ಆನಿಸುವ ಕಬ್ಬಿಣದ ಗಟ್ಟಿ) ಕೊಟ್ಟು ಪೂರ್ತಿ ಮಡಚಿದೆ. ಪುಟ್ಟಿ ಉಗುರಿನಷ್ಟೂ ದಪ್ಪ ಹಿಡಿಯಲಿಲ್ಲ.

ನಾಲ್ಕಕ್ಕೂ ಸೇರಿ ತಗಡು, ಗ್ಯಾಸ್, ಪ್ರೈಮರ್ ಅಂತ ಹನ್ನೊಂದು ಸಾವಿರದ ಹತ್ತಿರ ಆಗಿರಬಹುದು. ಪೇಂಟ್ ಬೇರೆ. ಗುಜರಿಗೆ ಹಾಕಿ ಅಂದಿದ್ದವರಲ್ಲಿ ಒಬ್ಬರು ಮೊನ್ನೆ ಬಂದು ಡೋರನ್ನು ನಾಲ್ಕು ಸಲ ಹಾಕಿ ತೆಗೆದು ನೋಡಿದರು. "ಪ್ಯಾಚ್ ಎಲ್ಲಿದೆ ಸಾರ್?" ಎಂದು ಕೇಳಿದರು.