ಮೊದಲ ಬಿಡುಗಡೆಗೆ ಏನು ಇರಲಿ, ಏನು ಬೇಡ

ಸಕಲೇಶಪುರ, ಮೂಡಿಗೆರೆ ಕಡೆಯ ಶಾಲೆಗಳಿಗೆಂದು ಡೆಬಿಯನ್ ಎಂಬ ಉಚಿತ ಲಿನಕ್ಸ್ ಆಧರಿಸಿ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಕಟ್ಟುವುದಾದರೆ, ಮೊದಲು ಐಎಸ್ಒ ಕಡತಕ್ಕೆ, ಅಂದರೆ ಇಡೀ ಓಎಸ್ ಅಡಕವಾಗಿರುವ ಒಂದೇ ಕಡತಕ್ಕೆ, ಗಾತ್ರದ ಮಿತಿ ಹಾಕಿಕೊಳ್ಳಿ. 4 ಜಿಬಿ ಮುಟ್ಟಿದ ಕಡತ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಕಾಪಿ ಆಗುವುದಿಲ್ಲ. 3 ಜಿಬಿಯೊಳಗಿದ್ದರೆ ಕೈಯಿಂದ ಕೈಗೆ ಸಲೀಸಾಗಿ ಹೋಗುತ್ತದೆ.

ಆಮೇಲೆ ಓಎಸ್ ಜೊತೆ ಸೇರಿಸುವ ಪ್ರತಿ ಪ್ಯಾಕೇಜಿಗೂ (ತಂತ್ರಾಂಶದ ಕಟ್ಟಿಗೂ) ಒಂದೇ ಪ್ರಶ್ನೆ: ಮಳೆಗಾಲದಲ್ಲಿ ನೆಟ್‌ವರ್ಕ್ ಸತ್ತಾಗ ಇದಿಲ್ಲದೆ ಕೆಲಸ ನಿಲ್ಲುತ್ತದೆಯೇ? ವೈಫೈ ಫರ್ಮ್‌ವೇರ್ (ವೈಫೈ ಚಿಪ್ ನಡೆಸುವ ತಂತ್ರಾಂಶ) ಒಳಗಿರಲೇಬೇಕು. ಅದನ್ನು ಇಳಿಸಿಕೊಳ್ಳಲು ವೈಫೈಯೇ ಬೇಕಲ್ಲ! ಡೆಬಿಯನ್ 12ರಿಂದ ಅದು ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ಪ್ರತ್ಯೇಕ ವಿಭಾಗದಲ್ಲಿದೆ. ಐಎಸ್ಒ ಕಟ್ಟುವ ಸಾಧನವಾದ ಲೈವ್-ಬಿಲ್ಡ್‌ನ ಹಳೆಯ ಸೆಟ್ಟಿಂಗನ್ನು ಹಾಗೇ ಬಳಸಿದರೆ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಪ್ರಿಂಟರ್ ಡ್ರೈವರ್ ಕೂಡ ಒಳಗಿರಲೇಬೇಕು.

ಕನ್ನಡಕ್ಕೆ ನೋಟೋ ಫಾಂಟ್ ಮತ್ತು ಐಬಸ್-ಎಂ17ಎನ್ (ಟೈಪ್ ಮಾಡುವ ಸಾಧನ) ಸಾಕು. ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸ ಅದರಲ್ಲೇ ಸಿಗುತ್ತದೆ. ‘ಸ್ತ್ರೀ’, ‘ರಾಷ್ಟ್ರ’, ‘ಧರ್ಮ’ ಎಂದು ಪ್ರತಿ ಅಪ್ಲಿಕೇಶನ್ನಿನಲ್ಲೂ ಟೈಪ್ ಮಾಡಿ, ಪ್ರಿಂಟ್ ತೆಗೆದೂ ನೋಡಿ. ಒತ್ತಕ್ಷರ ಒಡೆಯುವ ತಂತ್ರಾಂಶ ಎಷ್ಟೇ ಚೆಂದವಿರಲಿ, ಪಟ್ಟಿಯಿಂದ ಹೊರಗೆ.

2 ಜಿಬಿ ರ‍್ಯಾಮಿನ ಯಂತ್ರಕ್ಕೆ ಎಲ್ಎಕ್ಸ್‌ಕ್ಯೂಟಿ ಎಂಬ ಹಗುರ ಡೆಸ್ಕ್‌ಟಾಪ್. ಬ್ರೌಸರ್, ಆಫೀಸ್ ತಲಾ ಒಂದೇ. ವಿಡಿಯೊ ಎಡಿಟರ್ ಮುಂದಿನ ಸಲಕ್ಕೆ.

ಬಿಡುಗಡೆಗೆ ಎರಡು ವಾರ ಮುಂಚೆ ಪಟ್ಟಿಗೆ ಬೀಗ: ಬೂಟ್ ಆಗದಿರುವುದು, ಕಡತ ಅಳಿಯುವುದು, ಇಂಥ ದೋಷಗಳ ತಿದ್ದುಪಡಿ ಮಾತ್ರ ಒಳಗೆ. ಕೊನೆಗೆ, ಕರೆಂಟ್ ಹೋದರೆ ಏನಾಗುತ್ತದೆಂದು ಪರೀಕ್ಷಿಸಲು, ಅಪ್‌ಡೇಟ್ ನಡೆಯುವಾಗಲೇ ಪ್ಲಗ್ ಕೀಳಿ. ಪ್ಯಾಕೇಜುಗಳು ಅರೆಬರೆ ನಿಂತಿರಬಹುದು. ಅವನ್ನು ಸರಿಪಡಿಸುವ ‘dpkg --configure -a’ ಆದೇಶವನ್ನು ಡೆಸ್ಕ್‌ಟಾಪಿನ ಸಹಾಯ ಕಡತದಲ್ಲಿ ಬರೆದಿಡಿ.